ಮನೆಯ ಮಾಳಿಗೆಯ ಮೇಲೆ ಸೌರ ಫಲಕ: ವೆಚ್ಚ ಮತ್ತು ಉಳಿತಾಯವನ್ನು ಅಂದಾಜಿಸುವ ಕ್ರಮ

(ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ, ಕೊಹಿನೂರ ಹೋಬಳಿಯ ಪರಿಸ್ಥಿತಿಯನ್ನು ಗಮನದಲ್ಲಿರಿಸಿಕೊಂಡು)

ಮನೆಯ ಛಾವಣಿಯ ಮೇಲೆ ಸೌರ ಫಲಕ ಅಳವಡಿಸಿಕೊಳ್ಳುವ ಕುಟುಂಬಗಳಿಗೆ ಕೇಂದ್ರ ಸರ್ಕಾರವು ಸಹಾಯಧನ ನೀಡುತ್ತಿದೆ. ಪ್ರಧಾನಮಂತ್ರಿ ಸೂರ್ಯಘರ್ ಮುಫ್ತ್ ಬಿಜಲಿ ಯೋಜನೆ ಎಂಬ ಈ ಯೋಜನೆಯು 2024 ರ ಫೆಬ್ರವರಿಯಲ್ಲಿ ಆರಂಭಗೊಂಡಿತು. 75,021 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 1 ಕೋಟಿ ಮನೆಗಳನ್ನು ತಲುಪುವುದು ಇದರ ಗುರಿ. ಅವಧಿ 2026-27 ನೇ ಆರ್ಥಿಕ ವರ್ಷದವರೆಗೆ. ಇನ್ನೊಂದೆಡೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು 2023 ರ ಜುಲೈ 1 ರಿಂದ ಜಾರಿಯಲ್ಲಿದ್ದು, ಗ್ರಾಮೀಣ ಪ್ರದೇಶದ ಬಹುಪಾಲು ಮನೆಗಳ ವಿದ್ಯುತ್ ಬಿಲ್ಲು ಈಗ ಶೂನ್ಯವಾಗಿದೆ.

ಈ ಎರಡು ಯೋಜನೆಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಮಾತ್ರ ಸೌರ ಫಲಕದ ನಿಜವಾದ ಲೆಕ್ಕ ತಿಳಿಯುತ್ತದೆ. ಒಂದು ಮನೆಗೆ ಆರು ವರ್ಷಗಳೊಳಗೆ ಹಣ ಮರಳಿಸುವ ಘಟಕವೇ ಪಕ್ಕದ ಮನೆಗೆ ತೀರದ ಸಾಲವಾಗಿ ಪರಿಣಮಿಸಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಗ್ರಾಮಸ್ಥರು ವಾರ್ಡಿನ ಸದಸ್ಯರ ಅಭಿಪ್ರಾಯ ಕೇಳುವುದು ಸಹಜ. ಆ ಸಂದರ್ಭದಲ್ಲಿ ಸದಸ್ಯರು ಒಂದು ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಲು ಅನುಕೂಲವಾಗುವಂತೆ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

1. ಮೊದಲ ಹೆಜ್ಜೆ: ಹನ್ನೆರಡು ತಿಂಗಳ ಬಿಲ್ಲು

ಅಂದಾಜು ಆರಂಭವಾಗಬೇಕಾದುದು ಛಾವಣಿಯಿಂದಲ್ಲ, ಬಿಲ್ಲಿನಿಂದ. ಕುಟುಂಬವು ಕಳೆದ ಹನ್ನೆರಡು ತಿಂಗಳ ಜೆಸ್ಕಾಂ ಬಿಲ್ಲುಗಳನ್ನು ತರಬೇಕು. ಕಳೆದುಹೋಗಿದ್ದಲ್ಲಿ ಆರ್.ಆರ್. ಸಂಖ್ಯೆಯನ್ನು ನೀಡಿ ಉಪವಿಭಾಗ ಕಚೇರಿಯಿಂದ ವಿವರ ಪಡೆಯಬಹುದು. ಒಂದೇ ತಿಂಗಳ ಬಿಲ್ಲನ್ನು ನೋಡಿ ತೀರ್ಮಾನಿಸುವುದು ಸರಿಯಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೂಲರ್ ಮತ್ತು ಫ್ಯಾನುಗಳಿಂದ ಏರುವ ಬಳಕೆ ಮಳೆಗಾಲದಲ್ಲಿ ಇಳಿಯುತ್ತದೆ.

ಬಿಲ್ಲಿನಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು:

(ಅ) ಆ ತಿಂಗಳು ಬಳಸಿದ ಒಟ್ಟು ಯೂನಿಟ್.
(ಆ) ಗೃಹಜ್ಯೋತಿ ಅಡಿಯಲ್ಲಿ ಆ ಮನೆಗೆ ನಿಗದಿಯಾದ ಉಚಿತ ಯೂನಿಟ್.
(ಇ) ಹಣ ಪಾವತಿಸಿದ ಯೂನಿಟ್ ಎಷ್ಟು ಮತ್ತು ಯಾವ ದರದಲ್ಲಿ.
(ಈ) ಮಂಜೂರಾದ ವಿದ್ಯುತ್ ಹೊರೆ ಎಷ್ಟು ಕಿಲೋವ್ಯಾಟ್.

ಇವುಗಳಲ್ಲಿ ಮೂರನೆಯ ಅಂಶವೇ ಮುಖ್ಯವಾದುದು. ಸೌರ ಫಲಕವು ಉಳಿಸುವುದು ಕುಟುಂಬವು ಹಣ ಕೊಟ್ಟು ಕೊಳ್ಳುತ್ತಿರುವ ಯೂನಿಟ್ಟನ್ನು ಮಾತ್ರ. ಈಗಾಗಲೇ ಉಚಿತವಾಗಿ ದೊರೆಯುತ್ತಿರುವ ಯೂನಿಟ್ಟನ್ನು ಛಾವಣಿಯ ಮೇಲೆ ಉತ್ಪಾದಿಸಿದರೆ ಆ ಕುಟುಂಬದ ಜೇಬಿಗೆ ಏನೂ ಉಳಿಯುವುದಿಲ್ಲ.

2. ಗೃಹಜ್ಯೋತಿಯ ನಿಯಮ ಮತ್ತು 200 ಯೂನಿಟ್ಟಿನ ಗಡಿ

ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ತಿಳಿವಳಿಕೆ ಹಲವರಲ್ಲಿದೆ. ವಾಸ್ತವವಾಗಿ ಪ್ರತಿ ಮನೆಗೂ ಪ್ರತ್ಯೇಕ ಮಿತಿ ಇದೆ. 2022-23 ನೇ ಸಾಲಿನಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರುವುದು ಆ ಮನೆಯ ಅರ್ಹ ಯೂನಿಟ್. ತೀರ ಕಡಿಮೆ, ಅಂದರೆ 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇರುವ ಮನೆಗಳಿಗೆ ಶೇ. 10 ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ನೀಡಲು 2024 ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಅರ್ಹ ಯೂನಿಟ್ಟಿಗೂ 200 ಕ್ಕೂ ನಡುವೆ ಬಳಕೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ ಕಟ್ಟಬೇಕು. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಆದುದರಿಂದ 195 ಯೂನಿಟ್ ಬಳಸಿದ ಮನೆಗೂ 205 ಯೂನಿಟ್ ಬಳಸಿದ ಮನೆಗೂ ಬಳಕೆಯಲ್ಲಿ ಅಂತರ ಹತ್ತು ಯೂನಿಟ್ ಮಾತ್ರವಾದರೂ ಬಿಲ್ಲಿನಲ್ಲಿ ಅಂತರ ಸಾವಿರ ರೂಪಾಯಿಗೂ ಮೀರಬಹುದು.

ಈ ಹಿನ್ನೆಲೆಯಲ್ಲಿ ಗ್ರಾಮದ ಮನೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು: ವರ್ಷವಿಡೀ ಶೂನ್ಯ ಬಿಲ್ಲಿನ ಮನೆಗಳು, ಬೇಸಿಗೆಯಲ್ಲಿ ಮಾತ್ರ ಮಿತಿ ಮೀರುವ ಮನೆಗಳು, ವರ್ಷವಿಡೀ 200 ಯೂನಿಟ್ ಮೀರುವ ಮನೆಗಳು. ಮೂರಕ್ಕೂ ಒಂದೇ ಸಲಹೆ ಸಲ್ಲದು.

3. ವೆಚ್ಚ: ಸಹಾಯಧನ ಎಷ್ಟು, ಕುಟುಂಬದ ಪಾಲು ಎಷ್ಟು

ಸಹಾಯಧನದ ಪ್ರಮಾಣ ಹೀಗಿದೆ. ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂ.; ಮೂರನೆಯ ಕಿಲೋವ್ಯಾಟ್‌ಗೆ 18,000 ರೂ. ಅಂದರೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಅಥವಾ ಅದಕ್ಕೂ ದೊಡ್ಡ ಘಟಕಕ್ಕೆ 78,000 ರೂ. ಐದು ಕಿಲೋವ್ಯಾಟ್ ಹಾಕಿಸಿದರೂ ಸಹಾಯಧನ 78,000 ರೂ. ಮೀರುವುದಿಲ್ಲ. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ.

ಘಟಕದ ಬೆಲೆಯು ಫಲಕದ ಗುಣಮಟ್ಟ, ಇನ್ವರ್ಟರ್, ಕಂಬಿಗಳ ಚೌಕಟ್ಟು ಮತ್ತು ತಂತಿಯ ಉದ್ದವನ್ನು ಅವಲಂಬಿಸಿ ಬದಲಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಇಲ್ಲಿ 1 ಕಿಲೋವ್ಯಾಟ್‌ಗೆ 70,000, 2 ಕಿಲೋವ್ಯಾಟ್‌ಗೆ 1,30,000 ಹಾಗೂ 3 ಕಿಲೋವ್ಯಾಟ್‌ಗೆ 1,80,000 ರೂ. ಎಂದು ಇಟ್ಟುಕೊಳ್ಳಲಾಗಿದೆ. ಸದಸ್ಯರು ಈ ಅಂಕಿಗಳ ಜಾಗದಲ್ಲಿ ಮಾರಾಟಗಾರರು ಲಿಖಿತವಾಗಿ ನೀಡಿದ ದರಪಟ್ಟಿಯ ಅಂಕಿಗಳನ್ನು ಇರಿಸತಕ್ಕದ್ದು. ಸಹಾಯಧನ ಕಳೆದು ಕುಟುಂಬದ ಪಾಲು:

1 ಕಿಲೋವ್ಯಾಟ್: 70,000 – 30,000 = 40,000 ರೂ.
2 ಕಿಲೋವ್ಯಾಟ್: 1,30,000 – 60,000 = 70,000 ರೂ.
3 ಕಿಲೋವ್ಯಾಟ್: 1,80,000 – 78,000 = 1,02,000 ರೂ.

ಕನಿಷ್ಠ ಇಬ್ಬರು ಅಥವಾ ಮೂವರು ಮಾರಾಟಗಾರರಿಂದ ದರಪಟ್ಟಿ ಪಡೆಯುವುದು ಒಳಿತು. 2025 ರ ಸೆಪ್ಟೆಂಬರ್ 22 ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇ. 12 ರಿಂದ ಶೇ. 5 ಕ್ಕೆ ಇಳಿದಿದೆ. ದರಪಟ್ಟಿಯಲ್ಲಿ ಹಳೆಯ ತೆರಿಗೆಯನ್ನೇ ಹಾಕಿದ್ದಾರೆಯೇ ಎಂಬುದನ್ನು ಪರಿಶೀಲಿಸಬೇಕು.

ಸಹಾಯಧನವು ಮೊದಲೇ ಬರುವುದಿಲ್ಲ ಎಂಬುದನ್ನು ಕುಟುಂಬಕ್ಕೆ ಸ್ಪಷ್ಟಪಡಿಸಬೇಕು. ಘಟಕ ಅಳವಡಿಸಿ, ಜೆಸ್ಕಾಂ ಪರಿಶೀಲಿಸಿ, ಮೀಟರ್ ಜೋಡಿಸಿ, ಜಾಲತಾಣದಲ್ಲಿ ವರದಿ ದಾಖಲಾದ ನಂತರವಷ್ಟೇ ಅದು ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಪೂರ್ಣ ಹಣವನ್ನು ಕುಟುಂಬವೋ ಬ್ಯಾಂಕೋ ಹೊಂದಿಸಬೇಕು.

4. ಉತ್ಪಾದನೆ: ಕೊಹಿನೂರದ ಬಿಸಿಲಿನಿಂದ ಎಷ್ಟು ಯೂನಿಟ್

ಬೀದರ ಜಿಲ್ಲೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಒಂದು ಕಿಲೋವ್ಯಾಟ್ ಘಟಕವು ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ ಸುಮಾರು 1,460 ಯೂನಿಟ್ ನೀಡುತ್ತದೆ ಎಂಬುದು ರೂಢಿಯ ಅಂದಾಜು. ಆದರೆ ಹಳ್ಳಿಯ ಪರಿಸ್ಥಿತಿಯಲ್ಲಿ ಕೆಲವು ಕಡಿತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾವು: ಬಿಸಿಲು ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಫಲಕಕ್ಕೆ ಬೇಕಾದುದು ಬೆಳಕು, ಕಾವಲ್ಲ. ಫಲಕದ ಉಷ್ಣಾಂಶವು 25 ಡಿಗ್ರಿ ಮೀರಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.3 ರಿಂದ 0.4 ರಷ್ಟು ಉತ್ಪಾದನೆ ಕುಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ ಫಲಕವು 60 ಡಿಗ್ರಿಗೂ ಮೀರಿ ಕಾಯುವುದರಿಂದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ನಷ್ಟವಾಗುತ್ತದೆ. ಛಾವಣಿಗೆ ಅಂಟಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸಿದರೆ ಈ ನಷ್ಟ ತಗ್ಗುತ್ತದೆ.

ಧೂಳು: ಸೋಯಾ ರಾಶಿಯ ದಿನಗಳಲ್ಲಿಯೂ ತೊಗರಿ ರಾಶಿಯ ದಿನಗಳಲ್ಲಿಯೂ ಊರಿನ ಮೇಲೆ ಹೊಟ್ಟು ಮತ್ತು ಧೂಳು ಕವಿಯುತ್ತದೆ. ಕಬ್ಬಿನ ಪ್ರದೇಶದಲ್ಲಿ ಆಲೆಮನೆಯ ಮಸಿಯೂ ಕೂರುತ್ತದೆ. ಅಕ್ಟೋಬರ್‌ನಿಂದ ಮೇ ವರೆಗೆ ಮಳೆ ಕಡಿಮೆ ಇರುವ ಕಾರಣ ಫಲಕ ತಾನಾಗಿ ತೊಳೆದುಹೋಗದು. ಎರಡು ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಾದ ಫಲಕದ ಮೇಲೆ ತಣ್ಣೀರು ಸುರಿಯಬಾರದು.

ನೆರಳು: ಒಂದು ಫಲಕದ ಮೂಲೆಯ ಮೇಲೆ ಬಿದ್ದ ನೆರಳು ಅದರೊಂದಿಗೆ ಜೋಡಿಸಿದ ಇತರ ಫಲಕಗಳ ಉತ್ಪಾದನೆಯನ್ನೂ ಕುಗ್ಗಿಸಬಲ್ಲದು. ಡಿಸೆಂಬರ್‌ನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿದಾಗ ಬೇವಿನ ಮರ, ನೀರಿನ ಟ್ಯಾಂಕ್ ಅಥವಾ ಪಕ್ಕದ ಮನೆಯ ಗೋಡೆಯ ನೆರಳು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮನೆಯವರೇ ಬಲ್ಲರು. ಸ್ಥಳ ನಿಗದಿಪಡಿಸುವಾಗ ಅವರ ಮಾತನ್ನು ಕೇಳತಕ್ಕದ್ದು. ಫಲಕವು ದಕ್ಷಿಣಕ್ಕೆ ಮುಖ ಮಾಡಿ, ಈ ಭಾಗದ ಅಕ್ಷಾಂಶಕ್ಕೆ ಅನುಗುಣವಾಗಿ 15 ರಿಂದ 18 ಡಿಗ್ರಿ ಓರೆಯಾಗಿರುವುದು ಸೂಕ್ತ.

ವಿದ್ಯುತ್ ಕಡಿತ: ಇದು ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವ ವಿಷಯ. ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕವು ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಮಾರ್ಗದ ಮೇಲೆ ದುರಸ್ತಿ ಮಾಡುತ್ತಿರುವ ಮಾರ್ಗದಾಳುವಿಗೆ ಮನೆಯಿಂದ ಹರಿದ ವಿದ್ಯುತ್ ತಗುಲಿ ಅಪಾಯವಾಗದಿರಲೆಂದು ಇನ್ವರ್ಟರ್‌ನಲ್ಲಿ ಈ ವ್ಯವಸ್ಥೆ ಕಡ್ಡಾಯವಾಗಿದೆ. ಸೌರ ಫಲಕ ಹಾಕಿಸಿದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಎಂದು ನಂಬಿ ಸಾಲ ಮಾಡಿದ ಕುಟುಂಬಕ್ಕೆ ನಿರಾಸೆ ಕಾದಿರುತ್ತದೆ. ಆ ಸೌಲಭ್ಯ ಬೇಕಾದವರು ಬ್ಯಾಟರಿ ಸಹಿತವಾದ ಘಟಕವನ್ನು ಸ್ವಂತ ವೆಚ್ಚದಲ್ಲಿ ಪಡೆಯಬೇಕು.

ಇದೇ ಕಾರಣಕ್ಕೆ ಹೊಲದ ಮನೆಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ನಿರಂತರ ಜ್ಯೋತಿ ಮಾರ್ಗದಿಂದ ಊರಿನ ಮನೆಗಳಿಗೆ ಹಗಲಿಡೀ ವಿದ್ಯುತ್ ಲಭ್ಯ. ಪಂಪ್‌ಸೆಟ್ ಮಾರ್ಗದಲ್ಲಾದರೋ ಮೂರು ಫೇಸ್ ವಿದ್ಯುತ್ ನೀಡುವುದು ಪಾಳಿಯಂತೆ ಸುಮಾರು 7 ಗಂಟೆ. ಆ ಮಾರ್ಗಕ್ಕೆ ಜೋಡಿಸಿದ ಹೊಲದ ಮನೆಯ ಫಲಕವು ಮಾರ್ಗದಲ್ಲಿ ವಿದ್ಯುತ್ ಇಲ್ಲದ ಹಗಲಿನ ವೇಳೆಯಲ್ಲಿ ಬಿಸಿಲಿದ್ದರೂ ಉತ್ಪಾದಿಸದು.

ಇವೆಲ್ಲವನ್ನೂ ಕಳೆದು, ಊರೊಳಗಿನ ಮನೆಗೆ ಕಿಲೋವ್ಯಾಟ್‌ಗೆ ವರ್ಷಕ್ಕೆ 1,350 ಯೂನಿಟ್ ಎಂದು ಎಣಿಸುವುದು ಎಚ್ಚರಿಕೆಯ ಕ್ರಮ.

5. ಛಾವಣಿಯ ಪರೀಕ್ಷೆ

ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಆರ್‌ಸಿಸಿ ಛಾವಣಿಯಾದರೆ ತೊಡಕಿಲ್ಲ. ತಗಡಿನ ಛಾವಣಿಯಾದರೆ ಚೌಕಟ್ಟನ್ನು ತಗಡಿಗಲ್ಲ, ಕೆಳಗಿನ ಕಬ್ಬಿಣದ ತೊಲೆಗೆ ಬಿಗಿಯಬೇಕು. ಈ ಭಾಗದ ಹಳೆಯ ಕಲ್ಲು ಗೋಡೆ, ಕಟ್ಟಿಗೆಯ ತೊಲೆ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಫಲಕದ ಭಾರಕ್ಕಿಂತ ಗಾಳಿಯ ಎಳೆತವೇ ದೊಡ್ಡ ಚಿಂತೆ. ಮುಂಗಾರು ಪೂರ್ವದ ಬಿರುಗಾಳಿಗೆ ಫಲಕವು ಹಾಯಿಯಂತೆ ಮೇಲೇಳುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಬೋಲ್ಟ್ ಹಿಡಿತ ನಿಲ್ಲದು, ರಂಧ್ರದ ಮೂಲಕ ಮಳೆನೀರು ಇಳಿದು ತೊಲೆಯೂ ಕೊಳೆಯಬಹುದು. ಇಂತಹ ಮನೆಗಳಿಗೆ ಪ್ರತ್ಯೇಕ ಕಂಬಗಳ ಮೇಲೆ ಚೌಕಟ್ಟು ಕಟ್ಟಬೇಕಾಗುತ್ತದೆ. ಆ ಹೆಚ್ಚುವರಿ ವೆಚ್ಚವನ್ನು ಲೆಕ್ಕದಲ್ಲಿ ಸೇರಿಸತಕ್ಕದ್ದು. ಬೇಸಿಗೆಯ ಆಲಿಕಲ್ಲು ಮಳೆ ಜಿಲ್ಲೆಗೆ ಹೊಸದಲ್ಲವಾದ್ದರಿಂದ ಫಲಕಕ್ಕೆ ವಿಮೆ ಮಾಡಿಸುವ ವಿಚಾರವನ್ನೂ ಬ್ಯಾಂಕಿನಲ್ಲಿ ಕೇಳುವುದು ಒಳ್ಳೆಯದು.

6. ಯೂನಿಟ್ಟಿನ ಬೆಲೆ

ನೆಟ್ ಮೀಟರಿಂಗ್ ವ್ಯವಸ್ಥೆಯಲ್ಲಿ ಮನೆಯು ಜಾಲದಿಂದ ಪಡೆದ ಮತ್ತು ಜಾಲಕ್ಕೆ ಕೊಟ್ಟ ಯೂನಿಟ್‌ಗಳನ್ನು ಮೀಟರ್ ಎರಡೂ ಕಡೆ ದಾಖಲಿಸುತ್ತದೆ. ಕೊಟ್ಟುದನ್ನು ಪಡೆದುದರಲ್ಲಿ ಕಳೆದು ಉಳಿದುದಕ್ಕೆ ಬಿಲ್ಲು ಬರುತ್ತದೆ. ಕೊಟ್ಟುದೇ ಹೆಚ್ಚಾದರೆ ಆ ಹೆಚ್ಚುವರಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸಿದ ದರದಲ್ಲಿ ಹಣ ದೊರೆಯುತ್ತದೆ.

ಕೊಳ್ಳುವ ದರವೂ ಮಾರುವ ದರವೂ ಒಂದೇ ಅಲ್ಲ. ಆಯೋಗದ ಆದೇಶದಂತೆ 2025-26 ನೇ ಸಾಲಿಗೆ ಗೃಹಬಳಕೆಯ ವಿದ್ಯುತ್ ದರ ಯೂನಿಟ್‌ಗೆ 5 ರೂ. 80 ಪೈಸೆ, ಇದರ ಮೇಲೆ ತೆರಿಗೆ ಮತ್ತು ಇತರ ಶುಲ್ಕಗಳಿವೆ. ಮಾರುವ ದರವು ಇದಕ್ಕಿಂತ ಬಹಳ ಕಡಿಮೆ. ಈ ಲೇಖನದಲ್ಲಿ ಉಳಿಸಿದ ಯೂನಿಟ್ಟಿಗೆ 6 ರೂ., ಮಾರಿದ ಯೂನಿಟ್ಟಿಗೆ ಎರಡೂವರೆ ರೂ. ಎಂದು ಲೆಕ್ಕಕ್ಕೆ ಹಿಡಿಯಲಾಗಿದೆ. ಒಪ್ಪಂದದ ದಿನ ಜಾರಿಯಲ್ಲಿರುವ ದರವನ್ನು ಜೆಸ್ಕಾಂ ಉಪವಿಭಾಗದಿಂದ ತಿಳಿದು ತಿದ್ದಿಕೊಳ್ಳಬೇಕು. ಸಾರಾಂಶವಿಷ್ಟೆ: ಬಳಕೆಗೆ ತಕ್ಕಷ್ಟು ಫಲಕ ಲಾಭಕರ, ಮಾರಾಟಕ್ಕೆಂದೇ ದೊಡ್ಡ ಫಲಕ ಹಾಕಿಸುವುದು ಲಾಭಕರವಲ್ಲ.

ನಿಗದಿತ ಶುಲ್ಕವನ್ನು ಸೌರ ಫಲಕ ಇಳಿಸುವುದಿಲ್ಲ. ಅದನ್ನು ಮಂಜೂರಾದ ಕಿಲೋವ್ಯಾಟ್‌ಗೆ ಅನುಗುಣವಾಗಿ ವಿಧಿಸಲಾಗುತ್ತದೆ. ಘಟಕಕ್ಕಾಗಿ ಮಂಜೂರಾತಿ ಹೊರೆಯನ್ನು ಏರಿಸಿದರೆ ನಿಗದಿತ ಶುಲ್ಕವೂ ಏರುತ್ತದೆ.

7. ಮೂರು ಮಾದರಿ ಲೆಕ್ಕಗಳು

ಮೊದಲನೆಯ ಮನೆ: ಶೂನ್ಯ ಬಿಲ್ಲು. ಈ ಮನೆಯ 2022-23 ರ ಸರಾಸರಿ 40 ಯೂನಿಟ್, ಅರ್ಹತೆ 50 ಯೂನಿಟ್, ಬಳಕೆಯೂ ಅಷ್ಟೇ. 1 ಕಿಲೋವ್ಯಾಟ್ ಘಟಕವು ವರ್ಷಕ್ಕೆ 1,350 ಯೂನಿಟ್ ಕೊಟ್ಟರೂ ಮನೆ ಬಳಸುವ 600 ಯೂನಿಟ್ ಈಗಾಗಲೇ ಉಚಿತವಾದ್ದರಿಂದ ಅಲ್ಲಿ ಉಳಿತಾಯವಿಲ್ಲ. ಉಳಿದ 750 ಯೂನಿಟ್ ಮಾರಿದರೆ ವರ್ಷಕ್ಕೆ 1,875 ರೂ. ಕುಟುಂಬದ ಪಾಲು 40,000 ರೂ. ಮರಳಲು ಇಪ್ಪತ್ತೊಂದು ವರ್ಷಗಳೇ ಬೇಕು. ನಡುವೆ ಇನ್ವರ್ಟರ್ ಬದಲಿಸುವ ವೆಚ್ಚವೂ ಬರುತ್ತದೆ. ಈ ಮನೆಗೆ ಸೌರ ಫಲಕಕ್ಕಾಗಿ ಸಾಲ ಮಾಡಿಸುವುದು ಹಿತವಲ್ಲ. ಮುಂದೆ ಉಚಿತ ವಿದ್ಯುತ್ ನಿಯಮಗಳು ಬದಲಾದರೆ ಅಥವಾ ಮನೆಯ ಬಳಕೆ ಏರಿದರೆ ಆಗ ಮತ್ತೊಮ್ಮೆ ಲೆಕ್ಕ ಹಾಕಬಹುದು.

ಎರಡನೆಯ ಮನೆ: ಬೇಸಿಗೆಯಲ್ಲಿ ಮಾತ್ರ ಬಿಲ್ಲು. ಸರಾಸರಿ 150, ಅರ್ಹತೆ 165 ಯೂನಿಟ್. ಮಾರ್ಚ್‌ನಿಂದ ಮೇ ವರೆಗೆ ಬಳಕೆ 185 ಕ್ಕೆ ಏರುತ್ತದೆ. ಹೆಚ್ಚುವರಿ 20 ಯೂನಿಟ್ಟಿಗೆ ತಿಂಗಳಿಗೆ 120 ರೂ., ಮೂರು ತಿಂಗಳಿಗೆ 360 ರೂ. ಖರ್ಚು. ಇದನ್ನು ಉಳಿಸಲು 70,000 ರೂ. ಪಾಲು ಹಾಕಿ 2 ಕಿಲೋವ್ಯಾಟ್ ಘಟಕ ಕೂರಿಸುವುದರಲ್ಲಿ ಅರ್ಥವಿಲ್ಲ. ಈ ಮನೆಗೆ ನಿಜವಾದ ಅಪಾಯವಿರುವುದು ಯಾವುದಾದರೊಂದು ತಿಂಗಳು 200 ರ ಗಡಿ ದಾಟುವುದರಲ್ಲಿ. 205 ಯೂನಿಟ್ ಆದರೆ ವಿದ್ಯುತ್ ಶುಲ್ಕವೇ 1,230 ರೂ. ಆಗಿ, ಅದರ ಮೇಲೆ ನಿಗದಿತ ಶುಲ್ಕವೂ ಸೇರುತ್ತದೆ. ಇದಕ್ಕೆ ಅಗ್ಗದ ಪರಿಹಾರವಿದೆ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಫ್ಯಾನ್ ಬಳಸುವುದು ಸುಮಾರು 30 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಎರಡು ಫ್ಯಾನ್ ಬದಲಿಸಿದರೆ ತಿಂಗಳಿಗೆ ಸುಮಾರು 32 ಯೂನಿಟ್ ಉಳಿದು, ಬಳಕೆ 185 ರಿಂದ 153 ಕ್ಕೆ ಇಳಿಯುತ್ತದೆ, ಬಿಲ್ಲು ಶೂನ್ಯವಾಗುತ್ತದೆ. ಇದಕ್ಕೆ ತಗಲುವುದು ಆರು ಸಾವಿರ ರೂಪಾಯಿಗಳ ಆಸುಪಾಸು.

ಮೂರನೆಯ ಮನೆ: ವರ್ಷವಿಡೀ 200 ಮೀರುವ ಬಳಕೆ. ಫ್ರಿಜ್, ಕೂಲರ್, ನೀರಿನ ಮೋಟಾರ್ ಇರುವ ಕೂಡು ಕುಟುಂಬ, ತಿಂಗಳ ಸರಾಸರಿ 320, ವರ್ಷಕ್ಕೆ 3,840 ಯೂನಿಟ್, ಗೃಹಜ್ಯೋತಿಯ ಲಾಭವಿಲ್ಲ. 3 ಕಿಲೋವ್ಯಾಟ್ ಘಟಕದ ಉತ್ಪಾದನೆ ವರ್ಷಕ್ಕೆ 4,050 ಯೂನಿಟ್. ಎಲ್ಲ ತಿಂಗಳಲ್ಲೂ ಉತ್ಪಾದನೆ ಮತ್ತು ಬಳಕೆ ಸರಿಹೊಂದದ ಕಾರಣ 3,500 ಯೂನಿಟ್ ಉಳಿತಾಯ, 550 ಯೂನಿಟ್ ಮಾರಾಟ ಎಂದು ಎಣಿಸಬಹುದು.

ಉಳಿತಾಯ: 3,500 × 6 = 21,000 ರೂ.
ಮಾರಾಟ: 550 × 2.50 = 1,375 ರೂ.
ಒಟ್ಟು: 22,375 ರೂ.
ನಿರ್ವಹಣೆ ಹಾಗೂ ಇನ್ವರ್ಟರ್ ಬದಲಾವಣೆಗೆ ಪ್ರತಿ ವರ್ಷ ತೆಗೆದಿಡಬೇಕಾದುದು: 3,500 ರೂ.
ನಿವ್ವಳ: 18,875 ರೂ.

1,02,000 ನ್ನು 18,875 ರಿಂದ ಭಾಗಿಸಿದರೆ ಸುಮಾರು ಐದೂವರೆ ವರ್ಷ. ಫಲಕದ ಬಾಳಿಕೆ ಸುಮಾರು 25 ವರ್ಷ, ವರ್ಷಕ್ಕೆ ಶೇ. 0.5 ರಿಂದ 0.8 ರಷ್ಟು ಉತ್ಪಾದನೆ ಕುಗ್ಗುತ್ತ ಹೋದರೂ ಆರನೆಯ ವರ್ಷದಿಂದಾಚೆಗಿನ ಉಳಿತಾಯ ಬಹುಮಟ್ಟಿಗೆ ಕುಟುಂಬದ್ದೇ.

ಇದೇ ಮನೆಗೆ 2 ಕಿಲೋವ್ಯಾಟ್ ಹಾಕಿದರೆ 2,700 ಯೂನಿಟ್ ಪೂರ್ತಿ ಮನೆಯಲ್ಲೇ ಬಳಕೆಯಾಗಿ 16,200 ರೂ. ಉಳಿಯುತ್ತದೆ, 2,700 ರೂ. ತೆಗೆದಿಟ್ಟರೆ ನಿವ್ವಳ 13,500 ರೂ.; ಪಾಲು 70,000 ರೂ. ಮರಳಲು ಐದು ವರ್ಷಕ್ಕೆ ತುಸು ಮೇಲೆ. ಮೂರನೆಯ ಕಿಲೋವ್ಯಾಟ್ಟನ್ನು ಪ್ರತ್ಯೇಕವಾಗಿ ನೋಡಿದರೆ ಅದರ ಹೆಚ್ಚುವರಿ ಪಾಲು 32,000 ರೂ., ಹೆಚ್ಚುವರಿ ನಿವ್ವಳ ಉಳಿತಾಯ 5,375 ರೂ., ಮರಳುವ ಅವಧಿ ಆರು ವರ್ಷ. ಸಹಾಯಧನ ತಗ್ಗುವುದರಿಂದಲೂ ಮಾರಾಟದ ಪಾಲು ಹೆಚ್ಚುವುದರಿಂದಲೂ ಹೀಗಾಗುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಎರಡೇ ಕಿಲೋವ್ಯಾಟ್ ಸಾಕು.

ಲೆಕ್ಕವನ್ನು ಒಮ್ಮೆ ಕೆಡಿಸಿಯೂ ನೋಡಬೇಕು. ಆದಾಯ ಶೇ. 10 ಕಡಿಮೆಯಾದರೆ ಐದೂವರೆ ವರ್ಷದ ಅವಧಿ ಆರು ವರ್ಷ ದಾಟುತ್ತದೆ. ದರಪಟ್ಟಿ 1,80,000 ರ ಬದಲು 2,10,000 ಆದರೆ ಏಳು ವರ್ಷವಾಗುತ್ತದೆ. ಎರಡೂ ಸಂಭವಿಸಿದರೂ ತಡೆದುಕೊಳ್ಳಬಲ್ಲ ಮನೆ ಮಾತ್ರ ಮುಂದುವರಿಯುವುದು ಕ್ಷೇಮ.

8. ಸಾಲದ ಕಂತು ಮತ್ತು ಉಳಿತಾಯ

ಯೋಜನೆಯಡಿ 3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಆಸ್ತಿ ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲಕ್ಕೆ ಅವಕಾಶವಿದೆ. ಮೂರನೆಯ ಮನೆಯು 18,000 ರೂ. ಸ್ವಂತ ಹಣ ಹಾಕಿ 1,62,000 ರೂ. ಸಾಲ ಪಡೆದು, ಬಂದ 78,000 ರೂ. ಸಹಾಯಧನವನ್ನು ನೇರವಾಗಿ ಸಾಲಕ್ಕೇ ಕಟ್ಟಿದರೆ ಉಳಿಯುವ ಸಾಲ 84,000 ರೂ. ಬಡ್ಡಿ ಶೇ. 7 ಎಂದು ಹಿಡಿದರೆ ಐದು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 1,663 ರೂ.; ಹತ್ತು ವರ್ಷಕ್ಕೆ ಸುಮಾರು 975 ರೂ. ತಿಂಗಳ ನಿವ್ವಳ ಉಳಿತಾಯ 1,573 ರೂ. ಆದ್ದರಿಂದ ಐದು ವರ್ಷದ ಕಂತಿಗೆ ಕೈಯಿಂದ ತುಸು ಸೇರಿಸಬೇಕು. ಹತ್ತು ವರ್ಷದ ಕಂತಾದರೆ ಉಳಿತಾಯದಲ್ಲಿಯೇ ಕಂತು ತೀರಿ ಸ್ವಲ್ಪ ಮಿಗುತ್ತದೆ, ಆದರೆ ಒಟ್ಟು ಬಡ್ಡಿ ಹೆಚ್ಚು.

ಸಹಾಯಧನ ಬಂದಾಗ ಅದನ್ನು ಬೀಜ, ಗೊಬ್ಬರ, ಮದುವೆ ಮುಂತಾದ ಬೇರೆ ಖರ್ಚಿಗೆ ಬಳಸಿಕೊಂಡರೆ ಪೂರ್ಣ ಸಾಲದ ಕಂತು ಹಾಗೆಯೇ ಉಳಿಯುತ್ತದೆ. ಆಗ ಲೆಕ್ಕ ತಲೆಕೆಳಗಾಗುತ್ತದೆ. ಶೂನ್ಯ ಬಿಲ್ಲಿನ ಮನೆಯಾದರೋ ಯಾವ ಉಳಿತಾಯವೂ ಇಲ್ಲದೆ ಕಂತು ಕಟ್ಟಬೇಕಾಗುತ್ತದೆ. ಫಸಲು ಕೈಕೊಟ್ಟ ವರ್ಷದಲ್ಲಿ ಇದು ಸಣ್ಣ ಭಾರವಲ್ಲ. ಸದಸ್ಯರು ಎಲ್ಲಕ್ಕಿಂತ ಮೊದಲು ತಡೆಯಬೇಕಾದುದು ಇದನ್ನೇ.

9. ಅರ್ಜಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

– ವಿದ್ಯುತ್ ಸಂಪರ್ಕ ಅರ್ಜಿದಾರರ ಹೆಸರಿನಲ್ಲಿರಬೇಕು. ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಮುಂದುವರಿದಿರುವ ಮೀಟರ್‌ಗಳು ಹಳ್ಳಿಗಳಲ್ಲಿ ಹೇರಳ. ಮೊದಲು ಹೆಸರು ವರ್ಗಾವಣೆ ಮಾಡಿಸಬೇಕು. ಇದಕ್ಕೆ ಬೇಕಾದ ಮನೆ ದಾಖಲೆಗಳನ್ನು ಪಂಚಾಯಿತಿಯು ವಿಳಂಬವಿಲ್ಲದೆ ಒದಗಿಸಬೇಕು.
– ಹಳೆಯ ಬಾಕಿ ಇದ್ದಲ್ಲಿ ತೀರಿಸಿಕೊಳ್ಳಬೇಕು.
– ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿಯೇ ಸಲ್ಲಿಸಬೇಕು. ಮಾರಾಟಗಾರರು ಅಲ್ಲಿ ನೋಂದಾಯಿತರಾಗಿರಬೇಕು. ಫಲಕಗಳು ದೇಶದಲ್ಲಿಯೇ ತಯಾರಾದವುಗಳಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸಹಾಯಧನ ದೊರೆಯದು.
– ಮಾರಾಟಗಾರರು ಐದು ವರ್ಷಗಳ ನಿರ್ವಹಣೆಗೆ ಬದ್ಧರು. ಈ ಮಾತು ಒಪ್ಪಂದದಲ್ಲಿ ಬರವಣಿಗೆಯಲ್ಲಿ ಇರಬೇಕು.
– 2024 ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಂತೆ 10 ಕಿಲೋವ್ಯಾಟ್‌ವರೆಗಿನ ಛಾವಣಿ ಘಟಕಕ್ಕೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಅಗತ್ಯವಿಲ್ಲ. ಆ ಹೆಸರಿನಲ್ಲಿ ಹಣ ಕೇಳುವವರನ್ನು ನಂಬಬಾರದು.
– ಘಟಕ ಅಳವಡಿಸಿದ ಮೇಲೆ ಗೃಹಜ್ಯೋತಿಯ ಅರ್ಹತೆಯನ್ನು ಹೇಗೆ ಎಣಿಸಲಾಗುತ್ತದೆ ಎಂಬುದನ್ನು ಆ ಮನೆಯ ಆರ್.ಆರ್. ಸಂಖ್ಯೆ ನಮೂದಿಸಿ ಜೆಸ್ಕಾಂ ಉಪವಿಭಾಗದಿಂದ ಲಿಖಿತವಾಗಿ ಪಡೆಯತಕ್ಕದ್ದು.

10. ಗ್ರಾಮ ಪಂಚಾಯಿತಿಯ ಪಾತ್ರ

ಯೋಜನೆಯ ಮಾರ್ಗಸೂಚಿಯಂತೆ ತಮ್ಮ ವ್ಯಾಪ್ತಿಯಲ್ಲಿ ಅಳವಡಿಕೆಯಾದ ಪ್ರತಿ ಮನೆಯ ಘಟಕಕ್ಕೆ 1,000 ರೂ. ಪ್ರೋತ್ಸಾಹಧನ ಪಡೆಯಲು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಅವಕಾಶವಿದೆ. ಇದಲ್ಲದೆ 2024 ರ ಆಗಸ್ಟ್‌ನಲ್ಲಿ ಪ್ರಕಟವಾದ ಮಾದರಿ ಸೌರ ಗ್ರಾಮ ಮಾರ್ಗಸೂಚಿಯು ಪ್ರತಿ ಜಿಲ್ಲೆಯಿಂದ ಒಂದು ಗ್ರಾಮಕ್ಕೆ 1 ಕೋಟಿ ರೂ. ನೆರವನ್ನು ನಿಗದಿಪಡಿಸಿದೆ. 5,000 ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳು ಸ್ಪರ್ಧೆಗೆ ಅರ್ಹ. ಗ್ರಾಮದಲ್ಲಿ ಅಳವಡಿಕೆಯಾದ ನವೀಕರಿಸಬಹುದಾದ ಇಂಧನದ ಒಟ್ಟು ಸಾಮರ್ಥ್ಯವೇ ಆಯ್ಕೆಯ ಆಧಾರ.

ಈ ಪ್ರೋತ್ಸಾಹಗಳು ಸ್ವಾಗತಾರ್ಹ. ಆದರೆ ಸಂಖ್ಯೆ ಹೆಚ್ಚಿಸುವ ಉತ್ಸಾಹದಲ್ಲಿ ಶೂನ್ಯ ಬಿಲ್ಲಿನ ಬಡ ಕುಟುಂಬಗಳನ್ನು ಸಾಲಕ್ಕೆ ಎಳೆಯುವಂತಾಗಬಾರದು. ಪ್ರತಿ ವಾರ್ಡಿನಲ್ಲಿ ವರ್ಷವಿಡೀ 200 ಯೂನಿಟ್ ಮೀರುವ ಮನೆಗಳ ಪಟ್ಟಿಯನ್ನು ಮಾಡಿ, ಅವುಗಳಲ್ಲಿ ಗಟ್ಟಿ ಛಾವಣಿ ಇರುವವರನ್ನು ಮೊದಲು ಸಂಪರ್ಕಿಸಿದರೆ ಪಂಚಾಯಿತಿಯ ಗುರಿಯೂ ಕುಟುಂಬದ ಹಿತವೂ ಒಟ್ಟಿಗೆ ಸಾಧಿತವಾಗುತ್ತವೆ. ಅಂಗಡಿ, ಹಿಟ್ಟಿನ ಗಿರಣಿ ಮುಂತಾದ ವಾಣಿಜ್ಯ ಸಂಪರ್ಕಗಳಿಗೆ ಹಾಗೂ ಪಂಚಾಯಿತಿಯ ಸ್ವಂತ ಕಟ್ಟಡಗಳಿಗೆ ಈ ಗೃಹ ಸಹಾಯಧನ ಅನ್ವಯಿಸದು.

11. ಒಂದು ಹಾಳೆಯ ಲೆಕ್ಕಪತ್ರ

ಸದಸ್ಯರು ಗ್ರಾಮಸಭೆಯಲ್ಲಿ ಕೆಳಗಿನ ಕ್ರಮವನ್ನು ಫಲಕದ ಮೇಲೆ ಬರೆದು ವಿವರಿಸಬಹುದು:

(1) ವರ್ಷದಲ್ಲಿ ಹಣ ಕೊಟ್ಟು ಕೊಂಡ ಯೂನಿಟ್ (ಉಚಿತ ಯೂನಿಟ್ ಬಿಟ್ಟು).
(2) ಘಟಕದ ಕಿಲೋವ್ಯಾಟ್ × 1,350 = ವರ್ಷದ ಉತ್ಪಾದನೆ.
(3) ಉತ್ಪಾದನೆಯಲ್ಲಿ ಹಣ ಕೊಡುವ ಬಳಕೆಗೆ ಸರಿಹೊಂದುವ ಯೂನಿಟ್ × ಬಿಲ್ಲಿನ ದರ = ಉಳಿತಾಯ. ಇದು ಮೊದಲ ಸಾಲಿನ ಯೂನಿಟ್ ಮೀರಲಾರದು.
(4) ಮನೆಯ ಬಳಕೆಯನ್ನೆಲ್ಲ ಕಳೆದು ಜಾಲಕ್ಕೆ ಹೋಗುವ ಯೂನಿಟ್ × ಮಾರಾಟ ದರ = ಮಾರಾಟದ ಆದಾಯ.
(5) ಮೂರು ಮತ್ತು ನಾಲ್ಕನ್ನು ಕೂಡಿ, ನಿರ್ವಹಣೆ ಮತ್ತು ಇನ್ವರ್ಟರ್ ನಿಧಿಯನ್ನು ಕಳೆಯುವುದು = ನಿವ್ವಳ.
(6) ದರಪಟ್ಟಿಯ ಬೆಲೆ – ಸಹಾಯಧನ = ಕುಟುಂಬದ ಪಾಲು.
(7) ಪಾಲು ÷ ನಿವ್ವಳ = ಹಣ ಮರಳುವ ವರ್ಷಗಳು.

ಏಳನೆಯ ಸಾಲಿನ ಉತ್ತರ ಏಳು ವರ್ಷದೊಳಗಿದ್ದರೆ ಕುಟುಂಬವು ಧೈರ್ಯವಾಗಿ ಮುಂದುವರಿಯಬಹುದು. ಏಳರಿಂದ ಹತ್ತರ ನಡುವೆ ಇದ್ದರೆ ಸಾಲವಿಲ್ಲದೆ, ಸ್ವಂತ ಹಣದಲ್ಲಿ ಮಾತ್ರ ಯೋಚಿಸಬಹುದು. ಹತ್ತು ದಾಟಿದರೆ ಸದ್ಯಕ್ಕೆ ಬೇಡವೆಂದು ಹೇಳುವುದೇ ಸರಿಯಾದ ಸಲಹೆ. ಅಂತಹ ಮನೆಯವರಿಗೆ ಎಲ್‌ಇಡಿ ದೀಪ ಮತ್ತು ಕಡಿಮೆ ವಿದ್ಯುತ್ತಿನ ಫ್ಯಾನುಗಳ ಮಾಹಿತಿಯನ್ನು ನೀಡತಕ್ಕದ್ದು. ಮುಂಬರುವ ಗ್ರಾಮಸಭೆಗೆ ಗ್ರಾಮಸ್ಥರು ತಮ್ಮ ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳೊಂದಿಗೆ ಬರುವಂತೆ ಡಂಗುರ ಸಾರಿಸಿ ತಿಳಿಸುವುದು ಸೂಕ್ತ.